ಕರಗ ಯಾವ ರಾತ್ರಿ? ಹಬ್ಬದ ತಾರೀಕಿಗೂ ಟಿಕೆಟ್ಟಿನ ತಾರೀಕಿಗೂ ಯಾಕೆ ಕೂಡಿಬರುವುದಿಲ್ಲ

2025ರ ಏಪ್ರಿಲ್‌ನಲ್ಲಿ ನನ್ನ ಅಕ್ಕನ ಮಗಳು ಪುಣೆಯಿಂದ ಬಂದಿದ್ದಳು. ಬೆಂಗಳೂರು ಕರಗ ನೋಡಲೇಬೇಕು ಅಂತ ಹಠ. 'ಏಪ್ರಿಲ್ 12, ರಾತ್ರಿ 12.30' ಎಂದು ಎಲ್ಲೋ ಓದಿ ಟಿಕೆಟ್ ಮಾಡಿಸಿದ್ದಳು. ಗಡಿಯಾರದ ಲೆಕ್ಕದಲ್ಲಿ 12ನೇ ತಾರೀಕು ಶುರುವಾಗುವುದು ಶುಕ್ರವಾರ ನಡುರಾತ್ರಿ, ಅಲ್ವಾ? ಹಾಗಾಗಿ ಶುಕ್ರವಾರ ಸಂಜೆ ಬಂದಿಳಿದು, ಊಟ ಮುಗಿಸಿ, ಹನ್ನೆರಡಕ್ಕೆ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿ ಮುಂದೆ ನಿಂತಿದ್ದಳು. ದೀಪದ ಸರ ಇತ್ತು, ಜನ ಇದ್ದರು, ಪೊಂಗಲ್ ಘಮ ಇತ್ತು. ಕರಗ ಮಾತ್ರ ಇರಲಿಲ್ಲ. ಹೂ ಕಟ್ಟುತ್ತಾ ಕೂತಿದ್ದ ಅಜ್ಜಿಯೊಬ್ಬರು "ಅದು ನಾಳೆ ರಾತ್ರಿ ಕಣಮ್ಮ" ಅಂದರಂತೆ.

ನಾಳೆ ರಾತ್ರಿ ಒಂಬತ್ತಕ್ಕೆ ಅವಳ ವಾಪಸ್ ಬಸ್ಸು. ಸೋಮವಾರ ಆಫೀಸು. ಟಿಕೆಟ್ ಬದಲಾಯಿಸೋಣ ಅಂದರೆ ಭಾನುವಾರದ ಸೀಟೆಲ್ಲ ಭರ್ತಿ. ಕೊನೆಗೆ ಕರಗ ಗುಡಿಯಿಂದ ಹೊರಟು ಪೇಟೆ ಬೀದಿ ಸುತ್ತುವ ಹೊತ್ತಿಗೆ ನಮ್ಮ ಹುಡುಗಿ ಚಿತ್ರದುರ್ಗದ ಹತ್ತಿರ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಿದ್ದಳು.

ತಪ್ಪು ಯಾರದ್ದು? ಹಾಗೆ ನೋಡಿದರೆ ಯಾರದ್ದೂ ಅಲ್ಲ. ಪಂಚಾಂಗದ ಪ್ರಕಾರ ಒಂದು ದಿನ ಅಂದರೆ ಸೂರ್ಯ ಹುಟ್ಟಿದಾಗಿನಿಂದ ಮರುದಿನ ಸೂರ್ಯ ಹುಟ್ಟುವವರೆಗೆ. 12ನೇ ತಾರೀಕಿನ ರಾತ್ರಿ ಅಂದರೆ ಶನಿವಾರ ಕತ್ತಲಾದ ಮೇಲಿನ ರಾತ್ರಿ. ಅದು ನಡುರಾತ್ರಿ ದಾಟಿದರೂ ಪೇಟೆಯವರ ಬಾಯಲ್ಲಿ 12ರ ರಾತ್ರಿಯೇ. ಮೊಬೈಲಿನಲ್ಲಿ ಮಾತ್ರ ಆಗಲೇ 13 ಆಗಿರುತ್ತದೆ. ಶಿವರಾತ್ರಿ ಜಾಗರಣೆಗೂ ಇದೇ ಕಥೆ, ನಡುರಾತ್ರಿಯ ಕೃಷ್ಣ ಪೂಜೆಗೂ ಇದೇ ಕಥೆ. ಸ್ಥಳೀಯರಿಗೆ ಇದು ಗೊಂದಲವೇ ಅಲ್ಲ. ಹೊರಗಿನಿಂದ ಬರುವವರು ನಿಖರವಾಗಿ ಇಲ್ಲೇ ಎಡವುತ್ತಾರೆ.

ಅವಳು ಆಮೇಲೆ ಫೋನಿನಲ್ಲಿ ಕೇಳಿದ ಪ್ರಶ್ನೆ ಚೆನ್ನಾಗಿತ್ತು. "ಮಾಮ, ಕ್ರಿಸ್‌ಮಸ್‌ಗೆ ಡಿಸೆಂಬರ್ 25 ಅಂತ ಇದ್ದ ಹಾಗೆ ಇದಕ್ಕೂ ಒಂದು ತಾರೀಕು ಇಡೋಕೆ ಏನು ಕಷ್ಟ?"

ಕಷ್ಟ ಇರುವುದು ಆಕಾಶದಲ್ಲಿ.

ಕಂಠೀರವ ಸ್ಟೇಡಿಯಂನ ಓಟದ ಟ್ರ್ಯಾಕ್ ನೆನಪಿಸಿಕೊಳ್ಳಿ. ಇಬ್ಬರು ಓಡುತ್ತಿದ್ದಾರೆ. ಒಬ್ಬ ನಿಧಾನ, ಅವನು ಸೂರ್ಯ. ಇನ್ನೊಬ್ಬ ಚುರುಕು, ಅವನು ಚಂದ್ರ. ಇಬ್ಬರೂ ಒಂದೇ ಗೆರೆಯಲ್ಲಿದ್ದರೆ ಅಮಾವಾಸ್ಯೆ. ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಹೋದರೆ ಪಾಡ್ಯ ಮುಗಿಯಿತು. 24 ಡಿಗ್ರಿಗೆ ಬಿದಿಗೆ ಮುಗಿಯಿತು. ಹೀಗೆ 180 ಡಿಗ್ರಿಗೆ ಬಂದು ಎದುರುಬದುರಾದರೆ ಹುಣ್ಣಿಮೆ. ಒಟ್ಟು 360 ಡಿಗ್ರಿ, 30 ತಿಥಿ, ಸುಮಾರು ಇಪ್ಪತ್ತೊಂಬತ್ತೂವರೆ ದಿನ.

ತೊಂದರೆ ಏನೆಂದರೆ ಚಂದ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ಅವನ ದಾರಿ ಪೂರ್ತಿ ದುಂಡಗಿಲ್ಲ, ಮೊಟ್ಟೆಯಾಕಾರ. ಭೂಮಿಗೆ ಹತ್ತಿರ ಬಂದಾಗ ಜೋರು, ದೂರ ಹೋದಾಗ ನಿಧಾನ. ಹಾಗಾಗಿ ಒಂದು ತಿಥಿ 20 ಗಂಟೆಯಲ್ಲೂ ಮುಗಿಯಬಹುದು, ಸುಮಾರು 27 ಗಂಟೆವರೆಗೂ ಎಳೆಯಬಹುದು. ಬೆಳಿಗ್ಗೆ ಹತ್ತಕ್ಕೆ ಶುರುವಾಗಬಹುದು, ರಾತ್ರಿ ಮೂರಕ್ಕೂ ಶುರುವಾಗಬಹುದು. ತಾರೀಕು ನಡುರಾತ್ರಿ ಹನ್ನೆರಡಕ್ಕೆ ಬದಲಾಗುವ ಹಾಗೆ ಇದಕ್ಕೊಂದು ಗೊತ್ತಾದ ಹೊತ್ತೇ ಇಲ್ಲ.

ಆ ವರ್ಷದ ಚೈತ್ರ ಹುಣ್ಣಿಮೆಯನ್ನೇ ನೋಡಿ. ಏಪ್ರಿಲ್ 12ರ ಬೆಳಗಿನ ಜಾವ ಶುರುವಾಗಿ 13ರ ಬೆಳಗಿನ ಜಾವ ಮುಗಿಯಿತು. ಕರಗಕ್ಕೆ ಬೇಕಾದದ್ದು ಹುಣ್ಣಿಮೆಯ ರಾತ್ರಿ. ಅದು ಸಿಕ್ಕಿದ್ದು 12ರ ಶನಿವಾರ ರಾತ್ರಿ. ಹಿಂದಿನ ವರ್ಷ ಇದೇ ಚೈತ್ರ ಹುಣ್ಣಿಮೆ ಏಪ್ರಿಲ್ 23ಕ್ಕೆ ಬಂದಿತ್ತು, ಅದರ ಹಿಂದಿನ ವರ್ಷ ಏಪ್ರಿಲ್ 6ಕ್ಕೆ.

6, 23, 12. ನೋಡಿದರೆ ಲಾಟರಿ ನಂಬರ್ ಥರ ಇದೆ. ಆದರೆ ಲೆಕ್ಕ ಇದೆ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಸೂರ್ಯನ ವರ್ಷ 365 ದಿನ. ಪ್ರತಿ ವರ್ಷ 11 ದಿನ ಕಡಿಮೆ ಬೀಳುತ್ತದೆ, ಅಂದರೆ ಹಬ್ಬ 11 ದಿನ ಹಿಂದಕ್ಕೆ ಸರಿಯುತ್ತದೆ. ಹಾಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಬಂದುಬಿಡುತ್ತದೆ. ಅದಕ್ಕೇ ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ತುರುಕುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂತು. ಅದರ ಮುಂದಿನ ಹಬ್ಬಗಳೆಲ್ಲ ಧಡಕ್ಕನೆ ಮುಂದಕ್ಕೆ ಹೋದವು. ರಂಜಾನ್‌ನ ಲೆಕ್ಕದಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಲೇ ಇರುತ್ತದೆ. ಬೇಸಿಗೆ, ಚಳಿ, ಮಳೆ ಎಲ್ಲವನ್ನೂ ಸುತ್ತಿ ಬರುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಕಿತಾಪತಿ ವೈಕುಂಠ ಏಕಾದಶಿಯದ್ದು. 2023ರಲ್ಲಿ ಅದು ಎರಡು ಸಲ ಬಂತು, ಜನವರಿ 2 ಮತ್ತು ಡಿಸೆಂಬರ್ 23. 2024ರಲ್ಲಿ ಬರಲೇ ಇಲ್ಲ! 2025ರಲ್ಲಿ ಮತ್ತೆ ಎರಡು ಸಲ, ಜನವರಿ 10 ಮತ್ತು ಡಿಸೆಂಬರ್ 30. ದೇವರೇನೂ ರಜೆ ಹಾಕಿರಲಿಲ್ಲ. ಧನುರ್ಮಾಸ ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಇರುತ್ತದೆ. ಅದರೊಳಗಿನ ಶುಕ್ಲ ಏಕಾದಶಿ ಕೆಲವೊಮ್ಮೆ ಹೊಸ ವರ್ಷದ ಈಚೆಗೆ ಬೀಳುತ್ತದೆ, ಕೆಲವೊಮ್ಮೆ ಆಚೆಗೆ. 'ಪ್ರತಿ ವರ್ಷ ವೈಕುಂಠ ಏಕಾದಶಿಗೆ ಬೆಂಗಳೂರಿಗೆ ಬರುತ್ತೇವೆ' ಎನ್ನುವವರ 2024ರ ಕ್ಯಾಲೆಂಡರ್‌ನಲ್ಲಿ ಆ ಹಬ್ಬಕ್ಕೆ ಮನೆಯೇ ಇರಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಆದರೆ ತಿಥಿ ಎರಡು ತಾರೀಕುಗಳ ಮೇಲೆ ಕಾಲು ಚಾಚಿ ಮಲಗಿದಾಗ ಹಬ್ಬ ಯಾವತ್ತು ಅನ್ನುವುದಕ್ಕೆ ಒಂದೇ ನಿಯಮ ಇಲ್ಲ. ಹಲವು ಹಬ್ಬಗಳಿಗೆ ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಅದು ಲೆಕ್ಕ. ಗಣೇಶನಿಗೆ ಮಧ್ಯಾಹ್ನದ ಹೊತ್ತು ಚೌತಿ ಇರಬೇಕು. ಲಕ್ಷ್ಮೀಪೂಜೆಗೆ ಸಂಜೆ ಅಮಾವಾಸ್ಯೆ ಇರಬೇಕು. ಶಿವರಾತ್ರಿಗೆ ನಡುರಾತ್ರಿ ಚತುರ್ದಶಿ.

2023ರಲ್ಲಿ ಚೌತಿ ಸೆಪ್ಟೆಂಬರ್ 18ರ ಮಧ್ಯಾಹ್ನ ಶುರುವಾಗಿ 19ರ ಮಧ್ಯಾಹ್ನ ಮುಗಿಯಿತು. ಎರಡೂ ದಿನದ ಮಧ್ಯಾಹ್ನಕ್ಕೆ ಒಂದಷ್ಟು ಚೌತಿ ಸಿಕ್ಕಿತ್ತು. ಒಂದು ಪಂಚಾಂಗ 18 ಅಂದಿತು, ಇನ್ನೊಂದು 19 ಅಂದಿತು. ನಮ್ಮ ಬೀದಿಯಲ್ಲೇ ಎದುರು ಮನೆಯವರು ಸೋಮವಾರ ಕೂರಿಸಿದರು, ನಾವು ಮಂಗಳವಾರ. ಎರಡೂ ಮನೆಯ ಕಡುಬು ತಿಂದ ಮಕ್ಕಳಿಗೆ ಲಾಭ ಅಷ್ಟೇ. 2024ರಲ್ಲಿ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಹಿಡಿದು ನವೆಂಬರ್ 1ರ ಸಂಜೆ ಆರರ ಸುಮಾರಿಗೆ ಬಿಟ್ಟಿತು. ಲಕ್ಷ್ಮೀಪೂಜೆ ಯಾವ ಸಂಜೆ? ದೇಶದ ತುಂಬ ವಾದ. ಮನೆಯಲ್ಲಿ ಇರುವವರಿಗೆ ಇದೊಂದು ಹರಟೆಯ ವಿಷಯ. ಎರಡು ರಾತ್ರಿಗೆ ರೂಮು ಹಿಡಿದು ದೀಪ ನೋಡಲು ಬಂದವರಿಗೆ ಅದು ದುಡ್ಡಿನ ವಿಷಯ.

ಎಲ್ಲಕ್ಕಿಂತ ದೊಡ್ಡ ಬಲೆ ಕೃಷ್ಣ ಜನ್ಮಾಷ್ಟಮಿ. 2025ರಲ್ಲಿ ಬೆಂಗಳೂರಿನ ಬಹಳಷ್ಟು ಕಡೆ ಅದು ಆಗಸ್ಟ್ ಮಧ್ಯದಲ್ಲೇ ಮುಗಿಯಿತು. ಉಡುಪಿ ಕೃಷ್ಣಮಠದಲ್ಲಿ ಆದದ್ದು ಸೆಪ್ಟೆಂಬರ್ 14ಕ್ಕೆ, ವಿಟ್ಲಪಿಂಡಿ, ಅಂದರೆ ಮೊಸರುಕುಡಿಕೆ, 15ಕ್ಕೆ. ಉಡುಪಿಯಲ್ಲಿ ಸೌರಮಾನ. ಸೂರ್ಯ ಸಿಂಹ ರಾಶಿಯಲ್ಲಿದ್ದಾಗ ಬರುವ ಅಷ್ಟಮಿ, ರೋಹಿಣಿಯನ್ನು ಹಿಡಿಯುತ್ತಾರೆ. ಬೇರೆ ಕಡೆ ಚಾಂದ್ರಮಾನ. ಕೆಲವು ವರ್ಷ ಎರಡೂ ಒಟ್ಟಿಗೆ ಬರುತ್ತವೆ, ಕೆಲವು ವರ್ಷ ನಡುವೆ ಒಂದು ತಿಂಗಳೇ ಇರುತ್ತದೆ. ಬೆಂಗಳೂರಿನ ಕ್ಯಾಲೆಂಡರ್ ನೋಡಿ ಆಗಸ್ಟ್‌ನಲ್ಲಿ ಮೊಸರುಕುಡಿಕೆ ನೋಡಲು ಉಡುಪಿಗೆ ಹೋದವರಿಗೆ ಆ ವರ್ಷ ಸಿಕ್ಕಿದ್ದು ಮಳೆ ಮತ್ತು ಬಿಸಿ ಗೋಳಿಬಜೆ. ಅದೂ ಕೆಟ್ಟದ್ದೇನಲ್ಲ ಬಿಡಿ.

ಈದ್‌ನ ವಿಷಯದಲ್ಲಿ ಇನ್ನೂ ಕಡಿಮೆ ಸಮಯ. ಚಂದ್ರ ಕಂಡ ಮೇಲೇ ಹಬ್ಬ, ಅದು ಖಚಿತವಾಗುವುದು ಹಿಂದಿನ ಸಂಜೆ. 2024ರಲ್ಲಿ ದಕ್ಷಿಣ ಕನ್ನಡ, ಉಡುಪಿಯವರು ಕೇರಳದ ಚಂದ್ರದರ್ಶನ ನೋಡಿ ಏಪ್ರಿಲ್ 10ಕ್ಕೆ ಹಬ್ಬ ಮಾಡಿದರು, ಬೆಂಗಳೂರಿನಲ್ಲಿ 11ಕ್ಕೆ ಆಯಿತು. ಫ್ರೇಜರ್ ಟೌನಿನ ಮಾಸ್ಕ್ ರೋಡಿಗೆ ರಂಜಾನ್ ತಿಂಗಳ ತಿಂಡಿ ತಿನ್ನಲು ಬರುವವರು ಇದನ್ನು ನೆನಪಿಡಬೇಕು. ಕೊನೆಯ ರಾತ್ರಿಗೆ ಅಂತ ಕಾದು ಕೂತರೆ, ಕೊನೆಯ ರಾತ್ರಿ ಯಾವುದು ಅಂತ ಗೊತ್ತಾಗುವುದೇ ಆ ರಾತ್ರಿ.

ಇನ್ನು ಸರ್ಕಾರ ಮತ್ತು ರೈಲು. ರಜೆ ಪಟ್ಟಿ ಹಿಂದಿನ ವರ್ಷದ ಕೊನೆಯಲ್ಲೇ ಹೊರಬೀಳುತ್ತದೆ. ರೈಲು ಟಿಕೆಟ್ ಮೊದಲು 120 ದಿನ ಮುಂಚೆ ಸಿಗುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿಯಿತು. ವಿಮಾನದ್ದು ಇನ್ನೂ ಮುಂಚೆ. ಅಂದರೆ ಟಿಕೆಟ್ ಮಾಡಿಸುವವರ ಕೈಯಲ್ಲಿ ರಜೆ ಪಟ್ಟಿ ಇರುತ್ತದೆ. ಹಬ್ಬದ ಆಹ್ವಾನ ಪತ್ರಿಕೆ ಇರುವುದಿಲ್ಲ. ಮೆರವಣಿಗೆ ದಾರಿ, ಹೊರಡುವ ಹೊತ್ತು, ಯಾವ ರಸ್ತೆ ಬಂದ್ ಅನ್ನುವುದೆಲ್ಲ ಗೊತ್ತಾಗುವುದು ಕೊನೆಯ ಕೆಲವು ದಿನಗಳಲ್ಲಿ. ಸಂಚಾರ ಪೊಲೀಸರ ಪ್ರಕಟಣೆಯಂತೂ ಬಹಳ ಸಲ ಹಿಂದಿನ ದಿನ ಬರುತ್ತದೆ.

ರಜೆ ಪಟ್ಟಿ ಇನ್ನೊಂದು ಕೆಲಸ ಮಾಡುತ್ತದೆ. ಅದು ಊರನ್ನೇ ಎಬ್ಬಿಸಿ ಹೊರಗೆ ಕಳಿಸುತ್ತದೆ. 2024ರ ಅಕ್ಟೋಬರ್ 31 ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2 ಬಲಿಪಾಡ್ಯಮಿ, 3 ಭಾನುವಾರ. ಸಾಲಾಗಿ ನಾಲ್ಕು ದಿನ! ಕೆಎಸ್‌ಆರ್‌ಟಿಸಿ 2000 ಹೆಚ್ಚುವರಿ ಬಸ್ ಬಿಟ್ಟಿತು. 30ರ ಸಂಜೆ ಮೆಜೆಸ್ಟಿಕ್, ಸ್ಯಾಟಲೈಟ್, ಗೊರಗುಂಟೆಪಾಳ್ಯ ಎಲ್ಲಾ ಕಡೆ ಬ್ಯಾಗು, ಮಕ್ಕಳು, ಸ್ವೀಟ್ ಬಾಕ್ಸು. ಮುಂದಿನ ವರ್ಷ ಕಥೆ ಬೇರೆ. ಅಕ್ಟೋಬರ್ 20ಕ್ಕೆ ರಜೆ, 22ಕ್ಕೆ ರಜೆ, ನಡುವಿನ 21ಕ್ಕೆ ಇಲ್ಲ. ಆ ಒಂದು ಮಂಗಳವಾರಕ್ಕೆ ಎಷ್ಟು ಜನ ಹುಷಾರಿಲ್ಲ ಅಂತ ಮೆಸೇಜ್ ಹಾಕಿದರೋ. 2025ರ ವಿಜಯದಶಮಿ ಗಾಂಧಿ ಜಯಂತಿಯ ದಿನವೇ ಬಿದ್ದು ಒಂದು ರಜೆಯನ್ನೇ ನುಂಗಿತು.

ಈಗ ಇದರ ಎದುರು ದಿಕ್ಕಿನಿಂದ ಬರುವ ಪ್ರವಾಸಿಯನ್ನು ಯೋಚಿಸಿ. ಊರೆಲ್ಲ ಹೊರಗೆ ಹೋಗುವ ಸಂಜೆಯೇ ಅವರು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಮರುದಿನ ಎದ್ದರೆ ಊರು ಖಾಲಿ. ರಸ್ತೆ ಖಾಲಿ ಇರುವುದು ಖುಷಿಯೇ. ಆದರೆ ಅಡುಗೆಯವರು ಊರಿಗೆ ಹೋಗಿದ್ದಾರೆ, ಹಾಗಾಗಿ ಮೂಲೆಯ ದರ್ಶಿನಿಗೆ ಶಟರ್. ಕ್ಯಾಬ್ ಓಡಿಸುವವರು ಮಂಡ್ಯಕ್ಕೋ ಕೋಲಾರಕ್ಕೋ ಹೋಗಿದ್ದಾರೆ, ಹಾಗಾಗಿ ಇರುವ ನಾಲ್ಕು ಗಾಡಿಗೆ ಎರಡು ಪಟ್ಟು ರೇಟು. ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳೋಣ ಅಂದರೆ ಅಂಗಡಿ ಪೂಜೆ ಮುಗಿಸಿ ಬೀಗ. 'ಹಬ್ಬ ನೋಡೋಕೆ ಬಂದ್ವಿ, ಹಬ್ಬ ಎಲ್ಲಿದೆ?' ಅಂತ ಕೇಳಿದರೆ ಉತ್ತರ ಸುಲಭ. ಹಬ್ಬ ಮನೆಯೊಳಗಿದೆ. ಬೆಂಗಳೂರಿನ ದೊಡ್ಡ ಹಬ್ಬಗಳು ಹೆಚ್ಚಾಗಿ ಅಡುಗೆಮನೆ, ದೇವರಮನೆಯವು. ಪ್ರವಾಸಿಗೆ ಬಾಗಿಲು ತೆರೆಯುವುದು ಬೀದಿ ಹಬ್ಬಗಳು: ಕರಗ, ಪರಿಷೆ, ತೇರು, ಗಣೇಶ. ದೀಪಾವಳಿಗೆ ಬೆಂಗಳೂರು ನೋಡಲು ಬನ್ನಿ ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ.

ಗಣೇಶ ಇನ್ನೊಂದು ಥರ. ನಮ್ಮೂರಲ್ಲಿ ಅದು ಒಂದು ದಿನದ ಹಬ್ಬವೇ ಅಲ್ಲ. ಮೂರನೇ ದಿನ ಬಿಡುವವರು, ಐದನೇ ದಿನ ಬಿಡುವವರು, ಅನಂತ ಚತುರ್ದಶಿವರೆಗೆ ಇಡುವವರು. ಆರ್ಕೆಸ್ಟ್ರಾ ತಂಡ ಬಿಡುವಾಗುವವರೆಗೆ ತಿಂಗಳುಗಟ್ಟಲೆ ಕಾಯುವ ಗಣೇಶನೂ ಉಂಟು. ಹಲಸೂರು ಕೆರೆ, ಸ್ಯಾಂಕಿ ಕೆರೆ ಕಡೆಯ ರಸ್ತೆಗಳು ಯಾವ ಸಂಜೆ ಕಟ್ಟಿಕೊಳ್ಳುತ್ತವೆ ಅಂತ ಹೇಳಲು ಪಂಚಾಂಗ ಸಾಲದು, ಆ ಬಡಾವಣೆಯ ಹುಡುಗರನ್ನೇ ಕೇಳಬೇಕು. ರಾತ್ರಿ ಹತ್ತರ ರೈಲಿಗೆ ಹೊರಟವರು ತಮಟೆ ಹಿಂದೆ ಸಿಕ್ಕಿಕೊಂಡರೆ ಆ ರೈಲು ಸಿಗುವುದಿಲ್ಲ.

ಪರಿಷೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅಲ್ಲಿ ತಾರೀಕು ಸರಿಯಿದ್ದರೂ ಜನ ತಪ್ಪು ದಿನ ಬರುತ್ತಾರೆ. ಬಸವನಗುಡಿ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ನಿಯಮ ಇಷ್ಟು ಸರಳ. 2023ರಲ್ಲಿ ಅದು ಡಿಸೆಂಬರ್ 11, ಅಧಿಕ ಶ್ರಾವಣದ ಪ್ರಭಾವ. 2024ರಲ್ಲಿ ನವೆಂಬರ್ 25. 2025ರಲ್ಲಿ ನವೆಂಬರ್ 17. ಆದರೆ ರೈತರು ಮೂಟೆ ಇಳಿಸುವುದು ಅದಕ್ಕೂ ಮುಂಚೆ. ಶುಕ್ರವಾರ, ಶನಿವಾರವೇ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಕಡಲೆಕಾಯಿ ಗುಡ್ಡೆ ಏಳುತ್ತದೆ. ಹಸಿ, ಹುರಿದದ್ದು, ಬೇಯಿಸಿದ್ದು, ಕೆಂಪು ಸಿಪ್ಪೆಯದು, ನಾಲ್ಕು ಬೀಜದ್ದು. ಭಾನುವಾರ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ಸೋಮವಾರ ಉದ್ಘಾಟನೆ, ದೊಡ್ಡ ಬಸವಣ್ಣನಿಗೆ ಅಭಿಷೇಕ, ಭಾಷಣ. 2025ರಲ್ಲಿ ಇದನ್ನು ಐದು ದಿನಕ್ಕೆ ಹಿಗ್ಗಿಸಿದರು, 17ರಿಂದ 21ರವರೆಗೆ. ಪ್ರವಾಸಿಗಳ ಮಟ್ಟಿಗೆ ಇದು ಒಳ್ಳೆಯದೇ ಆಯಿತು. ಸೋಮವಾರದ ಒಂದು ರಾತ್ರಿಗೆ ತಲೆ ಒತ್ತೆ ಇಡಬೇಕಿಲ್ಲ. ನನ್ನನ್ನು ಕೇಳಿದರೆ ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಎಂಟಕ್ಕೆ ಹೋಗಿ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದರೆ ಆಯಿತು. ವ್ಯಾಪಾರಿಗಳಿಗೂ ಮಾತಾಡಲು ಪುರುಸೊತ್ತು ಇರುತ್ತದೆ, ರುಚಿಗೆ ಅಂತ ಒಂದು ಹಿಡಿ ಜಾಸ್ತಿಯೇ ಕೊಡುತ್ತಾರೆ.

ತಾರೀಕು ಅಲುಗಾಡದ ಉತ್ಸವಗಳೂ ಇವೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯೋತ್ಸವಕ್ಕೊಂದು. ಶಿವಾಜಿನಗರದ ಸೇಂಟ್ ಮೇರಿ ಹಬ್ಬ ಯಾವಾಗಲೂ ಸೆಪ್ಟೆಂಬರ್ 8. ಇಲ್ಲಿ ಸಮಸ್ಯೆ ಉಲ್ಟಾ. ತಾರೀಕು ಎಲ್ಲರಿಗೂ ಗೊತ್ತು, ಹಾಗಾಗಿ ಎಲ್ಲರೂ ಅದೇ ದಿನ ಬರುತ್ತಾರೆ.

ಸಂಕ್ರಾಂತಿಯದ್ದು ಮಧ್ಯದ ದಾರಿ. ಗವಿಪುರದ ಗಂಗಾಧರೇಶ್ವರ ಗುಡಿಯಲ್ಲಿ ಅಂದು ಸಂಜೆ ಸೂರ್ಯನ ಕಿರಣ ನಂದಿಯ ಕೊಂಬಿನ ನಡುವೆ ತೂರಿ ಲಿಂಗದ ಮೇಲೆ ಬೀಳುತ್ತದೆ. ಕೆಲವೇ ನಿಮಿಷ. ಅದನ್ನು ನೋಡಲು ಬೆಳಿಗ್ಗೆಯಿಂದ ಸಾಲು. ಮೋಡ ಬಂದರೆ ಮುಗಿಯಿತು, ಮರುಪಾವತಿ ಇಲ್ಲ. ಆದರೆ ಒಂದು ಗುಟ್ಟು ಹೇಳುತ್ತೇನೆ. ಸೂರ್ಯ ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ತುದಿ ಮುಟ್ಟಿ ವಾಪಸ್ ಬರುತ್ತಾನೆ. ಜನವರಿ ಮಧ್ಯದಲ್ಲಿ ಯಾವ ಜಾಗದಲ್ಲಿ ಇರುತ್ತಾನೋ, ಹೋಗುವಾಗ ನವೆಂಬರ್ ಕೊನೆಯಲ್ಲಿ ಅದೇ ಜಾಗ ದಾಟಿರುತ್ತಾನೆ. ಹಾಗಾಗಿ ಆ ಬೆಳಕು ವರ್ಷಕ್ಕೆ ಎರಡು ಸಲ ಒಳಗೆ ಬರುತ್ತದೆ, ಪ್ರತಿ ಸಲ ಒಂದೆರಡಲ್ಲ, ಹಲವು ದಿನ. ನವೆಂಬರ್ ಕೊನೆಯ ಸಂಜೆಗಳಲ್ಲಿ ಅಲ್ಲಿ ನೂಕುನುಗ್ಗಲು ಇರುವುದಿಲ್ಲ.

ಬೆಂಗಳೂರಿನಿಂದ ಮೈಸೂರು ದಸರೆಗೆ ಹೋಗಿ ಅದೇ ದಿನ ಬರುವವರಿಗೆ ಕೊನೆಯದೊಂದು ಸಿಕ್ಕು ಇದೆ: ಲಗ್ನ. ಜಂಬೂಸವಾರಿಯ ಪುಷ್ಪಾರ್ಚನೆಗೆ 2024ರಲ್ಲಿ ಸಂಜೆ 4ರಿಂದ 4.30ರ ಮುಹೂರ್ತ. 2025ರಲ್ಲಿ 4.42ರಿಂದ 5.06. ಪ್ರತಿ ವರ್ಷ ಹೊತ್ತು ಬದಲು. ಆನೆ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ನಡೆಯಬೇಕು, ಆಮೇಲೆ ಪಂಜಿನ ಕವಾಯತು. ಹೋದ ವರ್ಷದ ಹೊತ್ತು ನೆನಪಿಟ್ಟುಕೊಂಡು ಏಳೂವರೆಯ ರೈಲಿಗೆ ವಾಪಸ್ ಟಿಕೆಟ್ ಮಾಡಿಸಿದವರು ಒಂದೋ ಪಂಜು ಬಿಡಬೇಕು, ಇಲ್ಲವೇ ರೈಲು ಬಿಡಬೇಕು. 2025ರಲ್ಲಿ ಇನ್ನೊಂದು ಮಜಾ. ನವರಾತ್ರಿಯಲ್ಲಿ ಒಂದು ತಿಥಿ ಎರಡು ಸೂರ್ಯೋದಯ ಕಂಡಿತು. ಹತ್ತು ದಿನದ ದಸರಾ ಹನ್ನೊಂದು ದಿನವಾಯಿತು, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2. ಬೆರಳು ಮಡಚಿ ಹತ್ತು ಎಣಿಸಿ ರೂಮು ಹಿಡಿದವರು ಜಂಬೂಸವಾರಿಯ ಹಿಂದಿನ ದಿನ ರೂಮು ಖಾಲಿ ಮಾಡಬೇಕಾಯಿತು.

ಇಷ್ಟೆಲ್ಲ ನೋಡಿದ ಮೇಲೆ ನಾನು ಊರಿಗೆ ಬರುವ ನೆಂಟರಿಗೆ ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಅದು ಚಂದ್ರನ ಹಬ್ಬವೋ ಸೂರ್ಯನದ್ದೋ? ರಾತ್ರಿಯದ್ದಾದರೆ ಯಾವ ವಾರದ ರಾತ್ರಿ ಮಲಗುವುದಿಲ್ಲ? ಮರುದಿನ ವಾಪಸ್ ಹೋಗಲೇಬೇಕಾ? ತಾರೀಕು ಕೇಳುವುದಕ್ಕಿಂತ ವಾರ ಕೇಳುವುದು ವಾಸಿ. 'ಶನಿವಾರ ರಾತ್ರಿ ಊಟ ಆದಮೇಲೆ' ಅಂದರೆ ತಪ್ಪು ತಿಳಿಯಲು ಜಾಗವೇ ಇಲ್ಲ. ಮತ್ತೆ ಕರಗಕ್ಕೆ ಬರುವವರಿಗೆ ಇನ್ನೊಂದು ಮಾತು. 12.30 ಅಂದರೆ 12.30 ಅಲ್ಲ. ಗುಡಿಯೊಳಗಿನ ಪೂಜೆ ಮುಗಿಯಬೇಕು, ಕತ್ತಿ ಹಿಡಿದ ವೀರಕುಮಾರರು ಸಜ್ಜಾಗಬೇಕು, ಆಮೇಲೆ ಮಲ್ಲಿಗೆ ಹೊತ್ತ ಕರಗ ಹೊರಗೆ. ಮೆಟ್ರೋ ಅಷ್ಟರಲ್ಲಿ ಮಲಗಿರುತ್ತದೆ. ಆ ಸಲ ಮರುದಿನ ಭಾನುವಾರ, ಮೊದಲ ರೈಲು ಬೆಳಿಗ್ಗೆ ಏಳಕ್ಕೆ. ಬೆಳಗಾಗುವವರೆಗೆ ಪೇಟೆಯಲ್ಲೇ ಇರಲು ತಯಾರಾಗಿ ಬರಬೇಕು. ಗುಡಿ ಮುಂದೆ ಒತ್ತಿಕೊಂಡು ನಿಲ್ಲುವುದಕ್ಕಿಂತ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾದ ಹತ್ತಿರ ಒಂದು ಜಗಲಿ ಹಿಡಿದು ಕೂತರೆ ಕರಗವೇ ಅಲ್ಲಿಗೆ ಬರುತ್ತದೆ.

ಅಕ್ಕನ ಮಗಳು ಈಗ ಪರಿಷೆಗೆ ಬರುತ್ತೇನೆ ಅನ್ನುತ್ತಿದ್ದಾಳೆ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಹಾಗಾಗಿ ಕಾರ್ತಿಕದ ಕೊನೆಯ ಸೋಮವಾರ ಡಿಸೆಂಬರ್ 7ಕ್ಕೆ ಹೋಗಿದೆ. ಹೇಳಿದೆ. "ಹಗಲೋ ರಾತ್ರಿಯೋ?" ಅಂದಳು. ಹಗಲೇ ಅಂದೆ. "ನಾಳೆ ಬಾ ಅಂತ ಯಾರೂ ಹೇಳಲ್ಲ ತಾನೇ?" ಅಂದಳು. ಶನಿವಾರವೇ ಬಾ, ವಾಪಸ್ ಟಿಕೆಟ್ ಬುಧವಾರಕ್ಕೆ ಮಾಡಿಸು ಅಂದಿದ್ದೇನೆ. ಎರಡು ಸೇರು ಹಸಿ ಕಾಯಿ ಅವಳ ಬ್ಯಾಗಿಗೆ, ಅದು ಆಗಲೇ ನಿಗದಿ.